ಮೂವತ್ತು ಪೌಂಡಿನ ದನಿ

ರಾಕ್ ಸಂಗೀತ ಎಂದ ಕೂಡಲೇ ನಮ್ಮಲ್ಲಿ ಅನೇಕರ ಕೈ ತಾನಾಗಿ ಕಿವಿಯತ್ತ ಹೋಗುತ್ತದೆ. ಅಬ್ಬರ, ಕೂಗಾಟ, ಉದ್ದ ಕೂದಲಿನ ಹುಡುಗರು ಎಂದಷ್ಟೇ ಅದರ ಹೆಸರು ಹರಡಿದೆ. ಮಗ ಕಾಲೇಜಿಗೆ ಸೇರಿದ ವರ್ಷ ಆ ಕ್ಯಾಸೆಟ್ಟುಗಳು ನಮ್ಮ ಮನೆಗೂ ಬಂದವು. ಅವನು ಪಕ್ಕದ ಕೋಣೆಯಲ್ಲಿ ಹಾಕುತ್ತಿದ್ದ. ನಾನು ಈಚೆ ಕುಳಿತು ಒಗೆದ ಬಟ್ಟೆ ಮಡಚುತ್ತ ಕೇಳುತ್ತಿದ್ದೆ. ಹಾಡಿನ ಮಾತುಗಳು ಅರ್ಧಂಬರ್ಧ ತಿಳಿಯುತ್ತಿದ್ದವು. ಆದರೆ ಮಾತು ನಿಂತು ವಾದ್ಯವೊಂದೇ ಮುಂದುವರಿಯುವ ಭಾಗ ಬಂದಾಗ ಬಟ್ಟೆ ಕೈಯಲ್ಲೇ ಉಳಿದುಬಿಡುತ್ತಿತ್ತು. ಮಗ ಈಗ ಬೇರೆ ಊರಿನಲ್ಲಿದ್ದಾನೆ. ಕೇಳುವ ಅಭ್ಯಾಸ ನನಗೆ ಉಳಿದಿದೆ.

ಆ ಭಾಗಕ್ಕೆ ಅವರು ‘ಸೋಲೋ’ ಎನ್ನುತ್ತಾರೆ. ಒಬ್ಬರೇ ಮುಂದೆ ಬಂದು, ಎಲ್ಲೂ ಬರೆದಿಡದ್ದನ್ನು, ಆ ಹೊತ್ತಿಗೆ ತೋಚಿದ್ದನ್ನು ನುಡಿಸುವುದು. ತಂಡವೆಲ್ಲ ಸೇರಿ ಹಾಗೆ ಬೆಳೆಸುತ್ತ ಹೋದರೆ ಅದು ‘ಜ್ಯಾಮ್’. ಸಂಗೀತ ಕಚೇರಿ ಕೇಳಿದವರಿಗೆ ಮನೋಧರ್ಮ ಎಂದರೆ ಸಾಕು, ಹೆಚ್ಚು ವಿವರಿಸಬೇಕಿಲ್ಲ. ಆದರೆ ‘ಆ ಹೊತ್ತಿಗೆ ತೋಚಿದ್ದು’ ಎಂಬ ಮಾತಿನಲ್ಲಿ ಒಂದು ತೊಡಕಿದೆ. ಹಾಗೆ ತೋಚಿದ್ದು ಯಾರ ಸ್ವತ್ತು? ನನಗೆ ಬಹಳ ಪ್ರಿಯವಾದ ಎರಡು ಧ್ವನಿಮುದ್ರಣಗಳನ್ನು ಒಂದರ ಹಿಂದೆ ಒಂದು ಕೇಳಿದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ.

ಮೊದಲನೆಯದು ಅಮೆರಿಕದ ಆಲ್‌ಮನ್ ಬ್ರದರ್ಸ್ ಬ್ಯಾಂಡ್‌ನದು. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ರಂಗಮಂದಿರದಲ್ಲಿ ಅವರು ಕೊಟ್ಟ ಕಾರ್ಯಕ್ರಮಗಳನ್ನು ಅಲ್ಲಿಯೇ ಮುದ್ರಿಸಿಕೊಂಡು ಅದೇ ವರ್ಷ ಹೊರತಂದರು. ಅದರಲ್ಲಿ ‘ಇನ್ ಮೆಮೊರಿ ಆಫ್ ಎಲಿಜಬೆತ್ ರೀಡ್’ ಎಂಬ, ಮಾತೇ ಇಲ್ಲದ ವಾದ್ಯರಚನೆಯಿದೆ. ರಚಿಸಿದವನು ತಂಡದ ಇಬ್ಬರು ಗಿಟಾರ್ ವಾದಕರಲ್ಲಿ ಒಬ್ಬನಾದ ಡಿಕಿ ಬೆಟ್ಸ್. 1970ರಲ್ಲಿ ಸ್ಟುಡಿಯೋದಲ್ಲಿ ನುಡಿಸಿದಾಗ ಅದು ಸುಮಾರು 7 ನಿಮಿಷದ್ದಿತ್ತು. ಫಿಲ್‌ಮೋರ್‌ನಲ್ಲಿ ಜನರೆದುರು ಸುಮಾರು 13 ನಿಮಿಷಕ್ಕೆ ಬೆಳೆಯಿತು.

ಬೆಟ್ಸ್ ದನಿ ಏರಿಸುವ ಗುಂಡಿಯನ್ನು ಮೆಲ್ಲನೆ ತಿರುಗಿಸುತ್ತ ತಂತಿ ಮೀಟುತ್ತಾನೆ. ಮೀಟಿದ ಸದ್ದು ಕೇಳಿಸದೆ ಸ್ವರ ಮಾತ್ರ ಪಿಟೀಲಿನಂತೆ ಉಬ್ಬಿಕೊಂಡು ಬರುತ್ತದೆ. ಆಮೇಲೆ ಅವನ ಗಿಟಾರೂ ಡ್ವೇನ್ ಆಲ್‌ಮನ್‌ನ ಗಿಟಾರೂ ಜೊತೆಗೂಡಿ ಹಾಡಿನ ಪಲ್ಲವಿಯಂಥ ಒಂದು ಎಳೆಯನ್ನು ನುಡಿಸುತ್ತವೆ. ನಂತರ ಒಬ್ಬೊಬ್ಬರ ಸರದಿ: ಮೊದಲು ಬೆಟ್ಸ್, ಆಮೇಲೆ ಡ್ವೇನ್‌ನ ತಮ್ಮ ಗ್ರೆಗ್‌ನ ಆರ್ಗನ್, ಅದಾದ ಮೇಲೆ ಡ್ವೇನ್. ಡ್ವೇನ್ ನಿಧಾನವಾಗಿ ಶುರುಮಾಡಿ ತುದಿಗೆ ಏರುತ್ತಾನೆ. ಇನ್ನೇನು ಮುಗಿಯಿತು ಎನ್ನುವಾಗ ಕೆಳಗಿಳಿದು, ಇನ್ನೊಂದು ದಾರಿ ಹಿಡಿದು ಮತ್ತೆ ಏರುತ್ತಾನೆ. ಆಗ ಅವನ ಹಿಂದಿರುವವರ ಕಡೆ ಕಿವಿ ಕೊಡಬೇಕು. ಬಚ್ ಟ್ರಕ್ಸ್ ಮತ್ತು ಜೈಮೋ ಎಂಬ ಇಬ್ಬರು ಡ್ರಮ್ ವಾದಕರು, ಬೇಸ್ ಗಿಟಾರಿನ ಬೆರಿ ಓಕ್ಲಿ. ಅವನು ಇಳಿದರೆ ಇವರೂ ಇಳಿಯುತ್ತಾರೆ. ಅವನು ಹೆಜ್ಜೆ ಎತ್ತಿದ ಕ್ಷಣವೇ ಇವರೂ ಎತ್ತುತ್ತಾರೆ. ಒಬ್ಬ ನುಡಿಸುತ್ತಿದ್ದಾನೆ, ಐವರು ಅವನನ್ನು ಕೇಳುತ್ತಿದ್ದಾರೆ. ಆ ಕೇಳುವಿಕೆ ನಮಗೂ ಕೇಳಿಸುತ್ತದೆ. ಏಳು ತಿಂಗಳ ನಂತರ, 1971ರ ಅಕ್ಟೋಬರ್ 29ರಂದು, ಡ್ವೇನ್ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡ. ಅವನಿಗೆ ಆಗ 24 ವರ್ಷ.

ಉದ್ದವಾದದ್ದೆಲ್ಲ ಚೆನ್ನ ಎಂದು ಇದರರ್ಥವಲ್ಲ. ಲೆಡ್ ಜೆಪೆಲಿನ್ ತಂಡದ ‘ಮೋಬಿ ಡಿಕ್’ 1969ರ ರೆಕಾರ್ಡಿನಲ್ಲಿ ನಾಲ್ಕು ನಿಮಿಷ ಚಿಲ್ಲರೆ ಇದೆ. ವೇದಿಕೆಯ ಮೇಲೆ ಜಾನ್ ಬಾನಮ್ ಅದನ್ನೇ 20 ನಿಮಿಷ, ಕೆಲವೊಮ್ಮೆ ಅರ್ಧ ಗಂಟೆಯವರೆಗೂ ಎಳೆಯುತ್ತಿದ್ದ. ಕೋಲು ಬಿಟ್ಟು ಬರಿಗೈಯಿಂದಲೂ ಡ್ರಮ್ ಬಾರಿಸುತ್ತಿದ್ದ. ಅವನ ಕೈಬಲ ಸಾಮಾನ್ಯದ್ದಲ್ಲ. ಆದರೆ ಅಷ್ಟು ಹೊತ್ತೂ ತಂಡದ ಉಳಿದವರು ಒಳಗೆ ಹೋಗಿರುತ್ತಿದ್ದರು. ಕೇಳಿಸಿಕೊಂಡು ಉತ್ತರ ಕೊಡುವವರು ಪಕ್ಕದಲ್ಲಿಲ್ಲದ ಆ ಶಕ್ತಿಪ್ರದರ್ಶನವನ್ನು ಹತ್ತು ನಿಮಿಷ ಕೇಳಿದ ಮೇಲೆ ನನಗೆ, ಒಲೆಯ ಮೇಲಿಟ್ಟದ್ದನ್ನು ನೋಡಿ ಬರೋಣ ಎನಿಸುತ್ತದೆ.

ನನ್ನ ಎರಡನೆಯ ಆಯ್ಕೆ ಐದು ನಿಮಿಷವೂ ಇಲ್ಲ. ಅದರಲ್ಲಿ ಗಿಟಾರಿನ ಮೆರೆದಾಟವೂ ಇಲ್ಲ. ಪಿಂಕ್ ಫ್ಲಾಯ್ಡ್ ತಂಡದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ 1973ರ ಮಾರ್ಚ್‌ನಲ್ಲಿ ಬಂದ ರೆಕಾರ್ಡು. ಅದರಲ್ಲಿ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ ಎಂಬುದೊಂದಿದೆ. ಪಿಯಾನೋ ನುಡಿಸುವ ರಿಚರ್ಡ್ ರೈಟ್ ಅದಕ್ಕೆ ಸ್ವರಗಳ ಹಾದಿ ಹಾಕಿದ್ದ. ಸಾವು ಅದರ ವಸ್ತು. 1972ರಲ್ಲಿ ವೇದಿಕೆಯ ಮೇಲೆ ನುಡಿಸುವಾಗ ಈ ಜಾಗದಲ್ಲಿ ಬೈಬಲ್ ಓದುವ ದನಿಯ ಟೇಪುಗಳನ್ನು ಹಾಕುತ್ತಿದ್ದರು. ರೆಕಾರ್ಡು ಮಾಡುವಾಗ ಹೆಣ್ಣುದನಿಯೊಂದು ಬೇಕೆನಿಸಿತು. ಧ್ವನಿಮುದ್ರಣ ಮಾಡುತ್ತಿದ್ದ ಆಲನ್ ಪಾರ್ಸನ್ಸ್ ತನಗೆ ಗೊತ್ತಿದ್ದ ಕ್ಲೇರ್ ಟೋರಿಯ ಹೆಸರು ಹೇಳಿದ.

ಆಕೆಗೆ 25 ವರ್ಷ. ಸ್ಟುಡಿಯೋದವರು ಕರೆದಾಗ ಹೋಗಿ, ಹಾಡಿ, ಕೂಲಿ ಪಡೆದು ಬರುವ ಗಾಯಕಿ. 1973ರ ಜನವರಿಯ ಒಂದು ಭಾನುವಾರ ಸಂಜೆ ಲಂಡನ್ನಿನ ಆಬಿ ರೋಡ್ ಸ್ಟುಡಿಯೋಗೆ ಹೋದಳು. ಮಾತಿಲ್ಲ, ಹಾಡಬೇಕಾದ ಸ್ವರವನ್ನೂ ಯಾರೂ ಕೊಡಲಿಲ್ಲ. ಮೊದಲು ಒಂದೆರಡು ಪದ ಸೇರಿಸಿ ನೋಡಿದಳು. ಪದವೂ ಬೇಡ ಎಂದರು. ಆಗ ತಾನೂ ಒಂದು ವಾದ್ಯ ಎಂದುಕೊಂಡು ಹಾಡತೊಡಗಿದಳು. ಎರಡೂವರೆ ಸಲ ಹಾಡಿದಳು. ಮುಗಿಸಿ ಹೊರಬಂದಾಗ ಅತಿಯಾಯಿತೇನೋ ಎಂಬ ಸಂಕೋಚದಲ್ಲಿ ಕ್ಷಮೆ ಕೇಳಿದಳಂತೆ. ಭಾನುವಾರವಾದ್ದರಿಂದ ಇಮ್ಮಡಿ ದರ ಸಿಕ್ಕಿತು, 30 ಪೌಂಡ್. ಅದನ್ನು ಅವರು ಬಳಸಲಿಕ್ಕಿಲ್ಲ ಎಂದುಕೊಂಡು ಮನೆಗೆ ಹೋದಳು.

ಆ ಎರಡೂವರೆ ಸಲದಿಂದ ಆಯ್ದು ಜೋಡಿಸಿದ್ದು ಇಂದು ನಾವು ಕೇಳುವ ಹಾಡು. ಮೊದಲು ಅದು ಚೀರಾಟವೆಂದೇ ಅನಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಸಾವಿನ ಎದುರು ಮೊದಲು ರೋಷ, ಆಮೇಲೆ ಗೋಗರೆತ, ಕೊನೆಗೆ ದಣಿದು, ಒಪ್ಪಿಕೊಂಡು ತನ್ನಷ್ಟಕ್ಕೇ ಗೊಣಗಿಕೊಳ್ಳುವ ಮೆಲುದನಿ. ಸತ್ತವರ ಮನೆಯಲ್ಲಿ ರಾತ್ರಿ ಕಳೆದ ಯಾರಿಗಾದರೂ ಈ ಕ್ರಮ ಗೊತ್ತು. ಡ್ವೇನ್‌ನಂತೆ ಈಕೆಯೂ ಒಮ್ಮೆ ತುದಿಗೆ ಹೋಗಿ ಇಳಿಯುತ್ತಾಳೆ. ಆದರೆ ಅವನು ಮತ್ತೆ ಏರುವ ಜಾಗದಲ್ಲಿ ಈಕೆ ಇಳಿದೇ ಮುಗಿಸುತ್ತಾಳೆ. ಆ ಇಳಿಯುವ ಧೈರ್ಯಕ್ಕಾಗಿಯೇ ನನಗೆ ಇದು ಹೆಚ್ಚು ಇಷ್ಟ.

ರೆಕಾರ್ಡಿನ ಹೊದಿಕೆಯ ಮೇಲೆ ಹಾಡಿದವಳೆಂದು ಅವಳ ಹೆಸರಿತ್ತು. ರಚನೆ ಮಾತ್ರ ರಿಚರ್ಡ್ ರೈಟ್ ಒಬ್ಬನದೇ ಎಂದಿತ್ತು. ವರ್ಷವರ್ಷವೂ ಬರುವ ಗೌರವಧನ ಹೋಗುವುದು ರಚಿಸಿದವರಿಗೆ. ರೆಕಾರ್ಡು ಕೋಟಿಗಟ್ಟಲೆ ಮಾರಾಟವಾಯಿತು. 2004ರಲ್ಲಿ ಆಕೆ ತಂಡದ ಮೇಲೂ ಇಎಂಐ ಕಂಪನಿಯ ಮೇಲೂ ದಾವೆ ಹೂಡಿದಳು. 2005ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು.

ಕೂಲಿ ಕೊಟ್ಟಾಗಿದೆ, ದಾರಿ ಹಾಕಿದವನು ರೈಟ್, ಅವಳು ನಡೆದಳು ಅಷ್ಟೇ ಎಂದು ವಾದಿಸಬಹುದು. ರೈಟ್‌ನ ಪಿಯಾನೋ ಇಲ್ಲದೆ ಆ ಹಾಡು ಇಲ್ಲ, ಇದು ನಿಜ. ಆದರೆ ಆ ದಾರಿ 1972ರಲ್ಲೂ ಇತ್ತು, ಹಾಡು ಇರಲಿಲ್ಲ. ಇನ್ನೊಂದು ಸಾಕ್ಷಿ ತಂಡದ ವೇದಿಕೆಯ ಮೇಲೆಯೇ ಇದೆ. 1994ರ ಪ್ರವಾಸದಲ್ಲಿ ಈ ಭಾಗವನ್ನು ಮೂವರು ಗಾಯಕಿಯರು ಹಂಚಿಕೊಂಡು ಹಾಡಿದರು. ಟೋರಿ ಆ ಸಂಜೆ ಹುಟ್ಟಿಸಿದ ಏರಿಳಿತವೇ ಅವರಿಗೆ ಪಾಠವಾಗಿತ್ತು. ಬೇರೆಯವರು ಕಲಿತು ಹಾಡಬೇಕಾದದ್ದು ರಚನೆಯಲ್ಲದೆ ಮತ್ತೇನು?

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಹೆಂಗಸರ ಕೂಟವೊಂದರ ನಾಟಕದಲ್ಲಿ ನನ್ನ ಗೆಳತಿ ಅತ್ತೆಯ ಪಾತ್ರ ಮಾಡಿದ್ದಳು. ಸೊಸೆಯಾದವಳು ಮಾತು ಮರೆತು ನಿಂತಾಗ, ಇವಳೇ ನಾಲ್ಕು ಮಾತು ಹುಟ್ಟಿಸಿ ಆಡಿದಳು. ಜನ ಬಿದ್ದು ಬಿದ್ದು ನಕ್ಕಿದ್ದು ಅಲ್ಲಿಯೇ. ಮುಂದಿನ ವರ್ಷ ನಾಟಕ ಅಚ್ಚಾದಾಗ ಆ ನಾಲ್ಕು ಮಾತೂ ಅದರಲ್ಲಿದ್ದವು. ಅವಳ ಹೆಸರು ಎಲ್ಲೂ ಇರಲಿಲ್ಲ. ಕೇಳಿದರೆ, “ಅಯ್ಯೋ ಬಿಡೇ, ಬಾಯಿಗೆ ಬಂದದ್ದು ತಾನೇ” ಎಂದಳು. ಸ್ಟುಡಿಯೋದಿಂದ ಕ್ಷಮೆ ಕೇಳುತ್ತ ಹೊರಬಂದ ಹುಡುಗಿ ನನಗೆ ನೆನಪಾದಳು. ಬಾಯಿಗೆ ಬಂದದ್ದು ಎಂದು ನಾವೇ ತಳ್ಳಿಹಾಕಿದರೆ, ಬೇರೆಯವರು ಎತ್ತಿ ಹಿಡಿದಾರೆಯೇ?

ಇನ್ನು ಎಲಿಜಬೆತ್ ರೀಡ್ ಯಾರು ಎಂದು ನೀವು ಕೇಳಬಹುದು. ಬೆಟ್ಸ್ ಆ ರಚನೆಯನ್ನು ಮಾಡಿದ್ದು ತನಗೆ ಪ್ರಿಯಳಾಗಿದ್ದ ಒಬ್ಬ ಹೆಣ್ಣನ್ನು ನೆನೆದು. ಆಕೆಯ ಹೆಸರು ಬಯಲಾಗಬಾರದೆಂದು, ಜಾರ್ಜಿಯಾ ರಾಜ್ಯದ ಮೇಕನ್ ಊರಿನ ರೋಸ್ ಹಿಲ್ ಸ್ಮಶಾನದಲ್ಲಿ ಗೋರಿಕಲ್ಲೊಂದರ ಮೇಲೆ ಕಂಡ ಹೆಸರನ್ನು ಇಟ್ಟುಬಿಟ್ಟ. ತಾನೆಂದೂ ಕೇಳದ ಸಂಗೀತಕ್ಕೆ ಒಬ್ಬ ಹೆಂಗಸಿನ ಹೆಸರು ಇಷ್ಟು ಸುಲಭವಾಗಿ ಸಿಕ್ಕಿತು. ತಾನೇ ಹುಟ್ಟಿಸಿದ ಹಾಡಿಗೆ ಇನ್ನೊಬ್ಬಳ ಹೆಸರು ಸೇರಲು 32 ವರ್ಷ ಬೇಕಾಯಿತು. ಡ್ವೇನ್‌ನ ಸೋಲೋಗೂ ರಚನೆಯಲ್ಲಿ ಪಾಲಿಲ್ಲ, ನಿಜ. ಆದರೆ ಅವನ ಮನೆತನದ ಹೆಸರೇ ತಂಡದ ಹೆಸರು. ಅವನು ಯಾರೆಂದು ಯಾರೂ ಕೇಳಲಿಲ್ಲ.

ಎರಡನ್ನೂ ಒಮ್ಮೆ ಕೇಳಿ ನೋಡಿ. ಟೋರಿಯ ಹಾಡಿನಲ್ಲಿ ಮೊದಲ ಒಂದು ನಿಮಿಷ ಅವಸರ ಬೇಡ. ಪಿಯಾನೋ ತನ್ನ ಪಾಡಿಗೆ ಸಾಗುತ್ತಿರುತ್ತದೆ, ಆಮೇಲೆ ಅವಳು ಬರುತ್ತಾಳೆ. ಮುಗಿದ ಮೇಲೆ ಹೊದಿಕೆಯನ್ನು ತಿರುಗಿಸಿ ರಚನೆ ಯಾರದೆಂದು ಓದಿ. ರೈಟ್, ಟೋರಿ ಎಂದು ಎರಡು ಹೆಸರಿದ್ದರೆ ಸರಿ. ಒಂದೇ ಹೆಸರಿದ್ದರೆ, ನಿಮ್ಮ ಕೈಯಲ್ಲಿರುವುದು ಆ ರಾಜಿಗಿಂತ ಹಿಂದಿನ ಪ್ರತಿ.