ನೆಲವಿಲ್ಲದ ಒಪ್ಪಿಗೆ

ಕೇರಳದ ಸ್ತ್ರೀವಾದದ ಒಂದು ಮುಖ್ಯ ಬೇರು ವಯನಾಡಿನ ಕಾಡಿನೊಳಗಿದೆ. 1968ರ ನವೆಂಬರಿನಲ್ಲಿ ಪುಲ್ಪಳ್ಳಿಯ ಪೊಲೀಸ್ ಶಿಬಿರದ ಮೇಲೆ ದಾಳಿ ಮಾಡಿದ ನಕ್ಸಲೀಯರ ಗುಂಪಿನಲ್ಲಿ ಹದಿನೆಂಟು ವರ್ಷದ ಕೆ. ಅಜಿತಾ ಇದ್ದರು. ಗುಂಪು ಚದುರಿತು, ಕಾಡಿನಲ್ಲಿ ಅಲೆದು ಹಸಿದವರು ಕೊನೆಗೆ ಸಿಕ್ಕಿಬಿದ್ದರು. ಪೊಲೀಸರು ಅಜಿತಾರನ್ನು ಠಾಣೆಯಲ್ಲಿ ಊರ ಜನರ ಕಣ್ಣಿಗೆ ಪ್ರದರ್ಶನಕ್ಕೆ ನಿಲ್ಲಿಸಿದರು. ಗಂಡು ಬಂಡುಕೋರನಿಗೆ ಲಾಠಿಯೇಟು ಸಾಕಾಗಿತ್ತು. ಹೆಣ್ಣಿಗೆ ಏಟಿನ ಜೊತೆ ನೂರಾರು ಜೋಡಿ ಕಣ್ಣುಗಳೂ ಬೇಕಾದವು. ಒಂದು ಹೆಣ್ಣಿನ ದೇಹದ ಮೇಲೆ ರಾಜ್ಯಕ್ಕೆ ಎಂಥ ಹಕ್ಕಿದೆ ಎಂಬ ಪ್ರಶ್ನೆ ಅಜಿತಾರಿಗೆ ಎದುರಾದದ್ದು ಪುಸ್ತಕದಲ್ಲಲ್ಲ, ಆ ಠಾಣೆಯಲ್ಲಿ.

1977ರಲ್ಲಿ ಜೈಲಿನಿಂದ ಹೊರಬಂದ ಅಜಿತಾ 1987ರಲ್ಲಿ ಕೋಳಿಕ್ಕೋಡಿನಲ್ಲಿ 'ಬೋಧನ', 1993ರಲ್ಲಿ 'ಅನ್ವೇಷಿ' ಎಂಬ ಸ್ತ್ರೀ ಸಂಘಟನೆಗಳನ್ನು ಕಟ್ಟಿದರು. ಹೊಡೆತ ತಿಂದು ಬಂದವರಿಗೆ ಆಸರೆ, ಠಾಣೆಗೆ ಜೊತೆಯಾಗಿ ಹೋಗುವುದು, ದೂರು ಬರೆಸಿಕೊಳ್ಳದ ಅಧಿಕಾರಿಯ ಎದುರು ಪಟ್ಟು ಹಿಡಿದು ಕೂರುವುದು, ಪ್ರಭಾವಿಗಳ ಹೆಸರು ಕೇಳಿಬಂದ ಲೈಂಗಿಕ ಶೋಷಣೆಯ ಪ್ರಕರಣವನ್ನು ವರ್ಷಾನುಗಟ್ಟಲೆ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಹೊತ್ತೊಯ್ಯುವುದು, ಇವೆಲ್ಲ ಈ ಪರಂಪರೆಯ ದುಡಿಮೆ. ಇದನ್ನು ಹಗುರವಾಗಿ ನೋಡುವವರು ಅದಕ್ಕೂ ಹಿಂದಿನ ಕಾಲವನ್ನು ನೆನೆಯಬೇಕು. ಮಹಾರಾಷ್ಟ್ರದ ಮಥುರಾ ಪ್ರಕರಣದಲ್ಲಿ ಠಾಣೆಯೊಳಗೇ ಅತ್ಯಾಚಾರಕ್ಕೊಳಗಾದ ಹುಡುಗಿಯ ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ಅವಳು ಒಪ್ಪಿದ್ದಳು ಎಂದು ದೇಶದ ಅತ್ಯುನ್ನತ ನ್ಯಾಯಾಲಯವೇ ಪೊಲೀಸರನ್ನು ಬಿಟ್ಟಿತ್ತು. ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ಬರೆದ ಬಹಿರಂಗ ಪತ್ರ, ಅದರ ಬೆನ್ನಿಗೆ ಬೀದಿಗಿಳಿದ ಹೆಂಗಸರು, 1983ರ ಕಾನೂನು ತಿದ್ದುಪಡಿ: ಸುಮ್ಮನಿದ್ದದ್ದು ಸಮ್ಮತಿಯಲ್ಲ ಎಂಬ ಸರಳ ಮಾತು ಕಾನೂನಿನೊಳಗೆ ಬರಲು ಇಷ್ಟೆಲ್ಲ ಬೇಕಾಯಿತು. ಒಪ್ಪಿಗೆಯನ್ನು ಹೆಣ್ಣಿನ ಘನತೆಯ ನಡುಗಂಬವಾಗಿ ನಿಲ್ಲಿಸಿದ್ದು ಈ ಪರಂಪರೆಯ ದೊಡ್ಡ ಗೆಲುವು.

ಆದರೆ ಮಥುರಾ ಆದಿವಾಸಿ ಹುಡುಗಿ, ಕೂಲಿ ಮಾಡುತ್ತಿದ್ದವಳು. ಚಳವಳಿ ಅವಳ ಒಪ್ಪಿಗೆಯ ಪ್ರಶ್ನೆಯನ್ನು ಎತ್ತಿಕೊಂಡಿತು. ಅವಳ ಕೂಲಿಯ ಪ್ರಶ್ನೆ, ಕುಲದ ಪ್ರಶ್ನೆ ದಾರಿಯಲ್ಲೆಲ್ಲೋ ಉದುರಿಹೋದವು. ಹಾಗೆ ಉದುರಿಹೋದದ್ದು ಏನೆಂದು ನೋಡಬೇಕಾದರೆ ಮತ್ತೆ ವಯನಾಡಿಗೇ ಬರಬೇಕು.

2011ರ ಜನಗಣತಿಯ ಪ್ರಕಾರ ವಯನಾಡು ಜಿಲ್ಲೆಯ ಜನಸಂಖ್ಯೆಯಲ್ಲಿ ಆದಿವಾಸಿಗಳು ಶೇ. 18.5ರಷ್ಟು. ಪಣಿಯರು ಅವರಲ್ಲಿ ಎಲ್ಲರಿಗಿಂತ ಹೆಚ್ಚು. ತಿರುನೆಲ್ಲಿ, ತೃಶ್ಶಿಲೇರಿ ಕಡೆಯ ಅಡಿಯರು ನಮಗೆ ಹೊಸಬರಲ್ಲ. ಬ್ರಹ್ಮಗಿರಿ ಬೆಟ್ಟದ ಈಚೆಗೆ, ಕೊಡಗಿನಲ್ಲಿ, ಅವರನ್ನೇ ನಾವು ಎರವರು ಎನ್ನುತ್ತೇವೆ. ಅವರು ತಮ್ಮನ್ನು ಕರೆದುಕೊಳ್ಳುವುದು ರಾವುಳರು ಎಂದು. ಮಾನಂದವಾಡಿಯ ಬಳಿಯ ವಳ್ಳಿಯೂರ್ಕಾವಿನ ಜಾತ್ರೆಯಲ್ಲಿ ಜಮೀನ್ದಾರರು ಈ ಜನರಿಗೆ ಮುಂಗಡ ಕೊಟ್ಟು ಒಂದು ವರ್ಷದ ಜೀತಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದರು. ಮುಂದಿನ ಜಾತ್ರೆಯವರೆಗೆ ಆ ಗದ್ದೆ ಬಿಟ್ಟು ಕದಲುವಂತಿರಲಿಲ್ಲ. ಕೂಲಿ ಎಂದರೆ ಅಳೆದು ಕೊಟ್ಟ ಭತ್ತ. ಜೀತದ ಗಂಡು ಯಾವ ಹೆಣ್ಣಿನ ಜೊತೆ ಬಾಳಬೇಕು, ಆ ಜೋಡಿ ಯಾರ ಗದ್ದೆಯಲ್ಲಿ ಇರಬೇಕು ಎಂಬುದರಲ್ಲೂ ಒಡೆಯನ ಮಾತು ನಡೆಯುತ್ತಿತ್ತು. ಇಂಥ ಕಡೆ ಹೆಣ್ಣೊಬ್ಬಳು ಒಪ್ಪಿದಳೇ ಇಲ್ಲವೇ ಎಂದು ಕೇಳುವುದಕ್ಕೆ ಮೊದಲು, ಒಪ್ಪದಿದ್ದರೆ ಅವಳು ಆ ರಾತ್ರಿ ಎಲ್ಲಿಗೆ ಹೋಗಬಹುದಿತ್ತು ಎಂದು ಕೇಳಬೇಕಾಗುತ್ತದೆ.

ಮಲಯಾಳಂ ಸಾಹಿತ್ಯ ಈ ಪ್ರಶ್ನೆಯನ್ನು ಎರಡು ರೀತಿಯಲ್ಲಿ ಮುಟ್ಟಿದೆ. ಪಿ. ವತ್ಸಲಾ ಅವರ 'ನೆಲ್ಲು' 1972ರಲ್ಲಿ ಬಂತು, ಎರಡು ವರ್ಷದಲ್ಲಿ ರಾಮು ಕಾರ್ಯಾಟ್ ಅದನ್ನು ಸಿನಿಮಾ ಮಾಡಿದರು. ಕೋಳಿಕ್ಕೋಡಿನ ಶಿಕ್ಷಕಿಯೊಬ್ಬರು ತಿರುನೆಲ್ಲಿಗೆ ಬಂದು ಅಡಿಯ ಹೆಂಗಸರ ಮೇಲಿನ ದೌರ್ಜನ್ಯವನ್ನು ಮಧ್ಯಮವರ್ಗದ ಓದುಗರ ಮುಂದಿಟ್ಟದ್ದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. ಆದರೂ ಆ ಕಾದಂಬರಿಯ ಕಣ್ಣು ಹೊರಗಿನದು. ಆದಿವಾಸಿ ಹೆಣ್ಣು ಅಲ್ಲಿ ಮರುಕಕ್ಕೂ ಸೆಳೆತಕ್ಕೂ ಒಟ್ಟಿಗೇ ವಸ್ತುವಾಗುತ್ತಾಳೆ. ಕೆ.ಜೆ. ಬೇಬಿಯವರ 'ಮಾವೇಲಿಮನ್ಱಂ' ಜೀತದಿಂದ ಓಡಿಹೋಗುವ ಜೋಡಿಯೊಂದರ ಕಥೆಯನ್ನು ಅಡಿಯರ ನೆನಪುಗಳಿಂದ ಕಟ್ಟುತ್ತದೆ. ಬೇಬಿಯವರೂ ಹೊರಗಿನವರೇ, ಗಂಡಸು ಬೇರೆ. ಹಾಗಿದ್ದೂ ನನಗೆ ಈ ಕೃತಿ ಸ್ತ್ರೀವಾದಕ್ಕೆ ಹೆಚ್ಚು ಹತ್ತಿರ ಎನಿಸುತ್ತದೆ. ಇಲ್ಲಿ ಪ್ರೀತಿಸುವುದೆಂದರೆ ಒಡೆಯನ ಗದ್ದೆಯನ್ನು ದಾಟುವುದು. ಆಸೆಗೂ ಬಿಡುಗಡೆಗೂ ಒಂದೇ ಕಾಲುದಾರಿ. ಹೆಣ್ಣು ಇಲ್ಲಿ ಬರೀ ಗಾಯಗೊಂಡವಳಲ್ಲ, ಬಯಸುವವಳು ಕೂಡ. ಬೇಬಿಯವರ 'ಕನವು' ಶಾಲೆಯಲ್ಲಿ ಬೆಳೆದ ಪಣಿಯ ಸಮುದಾಯದ ಲೀಲಾ ಸಂತೋಷ್ ಮುಂದೆ ಕೇರಳದ ಮೊದಲ ಆದಿವಾಸಿ ಸಿನಿಮಾ ನಿರ್ದೇಶಕಿಯಾದರು ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಜೀತ 1976ರ ಕಾಯಿದೆಯಿಂದ ಕಾಗದದ ಮೇಲೆ ಹೋಯಿತು. ಕಳೆದುಹೋದ ನೆಲವನ್ನು ಆದಿವಾಸಿಗಳಿಗೆ ಮರಳಿಸುವ ಕಾಯಿದೆಯನ್ನು ಕೇರಳ ವಿಧಾನಸಭೆ 1975ರಲ್ಲೇ ಮಾಡಿತ್ತು, ಜಾರಿ ಮಾಡಲಿಲ್ಲ. 1999ರಲ್ಲಿ ಬೇರೊಂದು ಕಾಯಿದೆ ತಂದು ಅದರ ಹಲ್ಲು ಕಿತ್ತಿತು. ನೆಲ ಬರಲಿಲ್ಲ. ಬದಲಿಗೆ ಮರದ ಗುತ್ತಿಗೆದಾರರು, ರಸ್ತೆ ಕಾಮಗಾರಿಯವರು ಬಂದರು. 1990ರ ದಶಕದಲ್ಲಿ ತಿರುನೆಲ್ಲಿಯ 'ಅವಿವಾಹಿತ ತಾಯಂದಿರು' ಪತ್ರಿಕೆಗಳಿಗೆ ದೊಡ್ಡ ಸುದ್ದಿಯಾದರು. ಸ್ತ್ರೀವಾದಿಗಳು, ಆಯೋಗಗಳು, ಸಮಾಜಸೇವಕರು ಬಂದರು. ತಂದೆ ಯಾರೆಂದು ಪತ್ತೆ ಮಾಡಿ ಜೀವನಾಂಶ ಕೊಡಿಸಬೇಕೆಂಬ ಒತ್ತಾಯ ಎದ್ದಿತು, ಸರ್ಕಾರ 'ಸ್ನೇಹಸ್ಪರ್ಶಂ' ಎಂಬ ಮಾಸಾಶನ ತಂದಿತು.

ಇವೆಲ್ಲ ಬೇಕಿತ್ತು. ಮಗು ಹುಟ್ಟಿಸಿ ಬೆಟ್ಟ ಇಳಿದು ಹೋದವನ ಹೊಣೆಯನ್ನು ಅವನ ತಲೆಗೇ ಕಟ್ಟಬೇಕು. ಆದರೆ ಈ ಪಟ್ಟಿಯೊಳಗೆ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋದವು. ಒಂದು, ಹೊರಗಿನ ಗಂಡಸು ಹಸಿವನ್ನೂ ಸಾಲವನ್ನೂ ಬಳಸಿಕೊಂಡು ಮಾಡಿದ ಶೋಷಣೆ. ಇನ್ನೊಂದು, ಹುಡುಗ ಹುಡುಗಿ ಕೂಡಿ ಬಾಳಲು ತೊಡಗಿದರೆ ಅದೇ ಮದುವೆ, ಹೊಂದದಿದ್ದರೆ ಬಿಟ್ಟು ಬೇರೊಬ್ಬರ ಜೊತೆ ಬಾಳಬಹುದು ಎಂಬ ಸಮುದಾಯದ ಒಳಗಿನ ರೀತಿ. ಮೊದಲನೆಯದು ಅಪರಾಧ. ಎರಡನೆಯದನ್ನು ಪೇಟೆಯ ಸ್ತ್ರೀವಾದಿ ತನಗಾಗಿ ಬಯಸಿ ಹೋರಾಡಿ ಪಡೆಯಬೇಕಾಗಿ ಬಂದಿದೆ. ತಾಳಿಯಿಲ್ಲದೆ ಬಾಳುವ ಪೇಟೆಯ ಹೆಣ್ಣನ್ನು ದಿಟ್ಟೆ ಎಂದು ಮೆಚ್ಚಿ, ತಾಳಿಯಿಲ್ಲದೆ ಬಾಳುವ ಅಡಿಯ ಹೆಣ್ಣನ್ನು ಅನಾಥೆ ಎಂದು ಬರೆದುಕೊಂಡ ಈ ಕುರುಡುತನಕ್ಕೆ ಕ್ಷಮೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಅವಳಿಗೆ ಇಲ್ಲದ್ದು ಗಂಡನಲ್ಲ, ಹೊರಗಿನವನು ಬಾಗಿಲಿಗೆ ಬಂದಾಗ ಹೋಗು ಎನ್ನಲು ಬೇಕಾದ ತುಂಡು ಭೂಮಿ ಮತ್ತು ನಾಳೆಯ ಅಕ್ಕಿ.

ಇದನ್ನು ಹೇಳಿದವರು ಸಿ.ಕೆ. ಜಾನು. ತೃಶ್ಶಿಲೇರಿ ಬಳಿಯ ಚೇಕೋಟ್‌ನ ಅಡಿಯ ಕೂಲಿಯಾಳುಗಳ ಮಗಳು, ಎಳೆಯ ವಯಸ್ಸಿನಲ್ಲೇ ಮನೆಗೆಲಸಕ್ಕೆ ಹೋದವರು, ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತವರು. 2001ರಲ್ಲಿ ತಿರುವನಂತಪುರದ ಸಚಿವಾಲಯದ ಮುಂದೆ ಗುಡಿಸಲು ಕಟ್ಟಿ 48 ದಿನ ಕೂತ ಹೋರಾಟವನ್ನು ಅವರು ಮುನ್ನಡೆಸಿದರು. ಸರ್ಕಾರ ಕೊಟ್ಟ ಮಾತು ಉಳಿಯದಾದಾಗ 2003ರ ಜನವರಿಯಲ್ಲಿ ವಯನಾಡಿನ ಮುತ್ತಂಗದ ಕಾಡಿಗೆ ಜನರೊಂದಿಗೆ ಹೊಕ್ಕರು. ಫೆಬ್ರವರಿ 19ರಂದು ಪೊಲೀಸರು ಗುಂಡು ಹಾರಿಸಿದರು. ಒಬ್ಬ ಆದಿವಾಸಿ, ಒಬ್ಬ ಪೊಲೀಸ್ ಪೇದೆ ಸತ್ತರು. ಏಟಿನಿಂದ ಊದಿಕೊಂಡ ಜಾನುವಿನ ಮುಖದ ಚಿತ್ರ ಪತ್ರಿಕೆಗಳಲ್ಲಿ ಬಂತು. ಅಜಿತಾ ಠಾಣೆಯಲ್ಲಿ ನಿಂತ ಚಿತ್ರಕ್ಕೂ ಇದಕ್ಕೂ ನಡುವೆ ಮೂವತ್ತನಾಲ್ಕು ವರ್ಷ. ಜಿಲ್ಲೆ ಅದೇ, ಖಾಕಿ ಅದೇ. ಮೊದಲನೆಯ ಚಿತ್ರದಿಂದ ಒಂದು ಸ್ತ್ರೀವಾದ ಹುಟ್ಟಿತು. ಎರಡನೆಯದನ್ನು ಆ ಸ್ತ್ರೀವಾದ ಆದಿವಾಸಿ ಸಮಸ್ಯೆ ಎಂಬ ಬೇರೆ ಕಡತದಲ್ಲಿಟ್ಟಿತು. ಜೊತೆಗೆ ನಿಂತ ಸ್ತ್ರೀವಾದಿಗಳು ಇದ್ದರು, ಅದನ್ನು ಮರೆಯಬಾರದು. ಮುತ್ತಂಗ ಹೆಣ್ಣಿನ ದೇಹದ ಹೋರಾಟವೂ ಹೌದು ಎಂದು ಗಟ್ಟಿಯಾಗಿ ಹೇಳಿದವರು ಕಡಿಮೆ. ಜಾನು ಹೇಳಿ ಬರೆಸಿದ ಆತ್ಮಕಥೆಯಲ್ಲಿ ಕಾಡು, ಗದ್ದೆ, ಹಸಿವು, ಕೂಲಿಗಳೇ ತುಂಬಿವೆ. ಲೈಂಗಿಕ ಸ್ವಾತಂತ್ರ್ಯದ ಅಧ್ಯಾಯ ಹುಡುಕುವವರಿಗೆ ನಿರಾಸೆಯಾದೀತು. ನನ್ನ ಓದಿನಲ್ಲಿ ಆ ಅಧ್ಯಾಯ ಅಲ್ಲಿ ಬೇರೆಯಾಗಿ ಇಲ್ಲದಿರುವುದೇ ಪುಸ್ತಕದ ವಾದ. 2016ರಲ್ಲಿ ಅವರು ಎನ್‌ಡಿಎ ಜೊತೆ ಸೇರಿ ಚುನಾವಣೆಗೆ ನಿಂತದ್ದು ಹಲವರಿಗೆ ನೋವು ತಂದಿತು. ಅದರಿಂದ ಅವರು ಎತ್ತಿದ ಪ್ರಶ್ನೆಯ ತೂಕ ಇಳಿಯುವುದಿಲ್ಲ.

ಆಸ್ತಿಯಿಲ್ಲದೆ ದೇಹದ ಹಕ್ಕಿಲ್ಲ ಎಂಬುದು ಕೇರಳದ ಸ್ತ್ರೀವಾದಕ್ಕೆ ತಿಳಿಯದ ಮಾತೇನಲ್ಲ. 1986ರ ಮೇರಿ ರಾಯ್ ಪ್ರಕರಣದ ತೀರ್ಪು ತಿರುವಿದಾಂಕೂರಿನ ಸಿರಿಯನ್ ಕ್ರೈಸ್ತ ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿಯಲ್ಲಿ ಸಮಪಾಲು ತಂದಿತು. ಮಾನಂದವಾಡಿ ಬಳಿಯ ಕಾರಕ್ಕಾಮಲೆಯ ಕಾನ್ವೆಂಟಿನ ಸಿಸ್ಟರ್ ಲೂಸಿ ಕಳಪ್ಪುರಯ್ಕಲ್ 2018ರಲ್ಲಿ ಬಿಷಪರೊಬ್ಬರ ವಿರುದ್ಧ ಅತ್ಯಾಚಾರದ ದೂರು ಕೊಟ್ಟ ಸನ್ಯಾಸಿನಿಯ ಪರ ಕೊಚ್ಚಿಯ ಧರಣಿಗೆ ಹೋಗಿ ಕೂತರು. ಆ ಬಿಷಪರನ್ನು 2022ರಲ್ಲಿ ವಿಚಾರಣಾ ನ್ಯಾಯಾಲಯ ಖುಲಾಸೆ ಮಾಡಿತು. 2019ರಲ್ಲಿ ಲೂಸಿಯವರನ್ನು ಸನ್ಯಾಸಿನಿಯರ ಸಭೆಯಿಂದ ಹೊರಹಾಕಿದಾಗ ಅವರ ಮೇಲಿದ್ದ ಆರೋಪಗಳಲ್ಲಿ ಕೆಲವನ್ನು ಗಮನಿಸಿ: ಕಾರು ಓಡಿಸಲು ಕಲಿತದ್ದು, ಕಾರು ಕೊಂಡದ್ದು, ಕವಿತೆ ಅಚ್ಚುಹಾಕಿಸಿದ್ದು, ಶಿಕ್ಷಕಿಯ ಸಂಬಳವನ್ನು ಸಭೆಗೆ ಒಪ್ಪಿಸದೆ ಇದ್ದದ್ದು. ಹೆಣ್ಣಿನ ದೇಹದ ಮೇಲಿನ ಹಿಡಿತ ಮೊದಲು ಸಡಿಲವಾಗುವುದು ಅವಳ ಸಂಬಳ ಅವಳ ಕೈಯಲ್ಲಿ ಉಳಿದಾಗ ಎಂದು ಸಭೆಯ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಸಿರಿಯನ್ ಕ್ರೈಸ್ತ ಹೆಣ್ಣಿಗೆ ಆಸ್ತಿಯ ಪಾಲು, ಸನ್ಯಾಸಿನಿಗೆ ಸಂಬಳ ಬೇಕೆಂದು ತಿಳಿದ ಚಿಂತನೆ ಪಣಿಯ ಹೆಣ್ಣಿನ ಹತ್ತಿರ ಬಂದಾಗ ಮಾತ್ರ ಮಾಸಾಶನಕ್ಕೆ ನಿಂತುಬಿಟ್ಟಿತು.

ಇದರ ಕಹಿ ಫಲ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೊ ಕಾಯಿದೆಯಲ್ಲಿ ಕಾಣುತ್ತದೆ. 2012ರ ಈ ಕಾಯಿದೆ ಹದಿನೆಂಟರ ಕೆಳಗಿನವರ ಒಪ್ಪಿಗೆಯನ್ನು ಒಪ್ಪಿಗೆ ಎಂದೇ ಎಣಿಸುವುದಿಲ್ಲ. ವಯನಾಡಿನಲ್ಲಿ ಅದು ಕೆಲಸ ಮಾಡಿದ್ದು ಹೀಗೆ. ಹದಿನೇಳರ ಪಣಿಯ ಹುಡುಗಿ ಸಮುದಾಯದ ರೀತಿಯಲ್ಲಿ ಒಬ್ಬನ ಜೊತೆ ಬಾಳತೊಡಗುತ್ತಾಳೆ, ಬಸುರಾಗಿ ಸರ್ಕಾರಿ ಆಸ್ಪತ್ರೆಗೆ ಬರುತ್ತಾಳೆ. ವೈದ್ಯರು ವಯಸ್ಸು ಕೇಳುತ್ತಾರೆ. ತಿಳಿಸದೆ ಇದ್ದರೆ ಅವರಿಗೇ ಶಿಕ್ಷೆ, ಹಾಗಾಗಿ ಪೊಲೀಸರಿಗೆ ತಿಳಿಸುತ್ತಾರೆ. ಹುಡುಗ ಜೈಲಿಗೆ ಹೋಗುತ್ತಾನೆ. ಜಾಮೀನಿಗೆ ಭೂಕಂದಾಯದ ರಸೀದಿ ಇರುವವರು ಬೇಕು, ಅವನ ಕಾಲೊನಿಯಲ್ಲಿ ಯಾರ ಹತ್ತಿರವೂ ಅದಿಲ್ಲ. ಹೊಟ್ಟೆಯಲ್ಲಿ ಮಗುವಿರುವ ಹುಡುಗಿಯ ಕೂಲಿಯ ಆಸರೆ ಅವನೇ ಆಗಿದ್ದ. 2015ರ ಸುಮಾರಿಗೆ ಇಂಥ ಪ್ರಕರಣಗಳು ಬೆಳಕಿಗೆ ಬಂದು ಕೇರಳದಲ್ಲಿ ಚರ್ಚೆಯಾಯಿತು. ಮಕ್ಕಳನ್ನು ಕಾಯಲು ಬಂದ ಕಾಯಿದೆಯ ಮುಳ್ಳು ಮೊದಲು ಚುಚ್ಚಿದ್ದು ನೆಲವಿಲ್ಲದವರನ್ನು.

ಒಪ್ಪಿಗೆಯ ವಯಸ್ಸನ್ನು ಇಳಿಸಿದರೆ ಗುತ್ತಿಗೆದಾರನಿಗೂ ಕಾವಲುಗಾರನಿಗೂ ಅದೇ ಗುರಾಣಿಯಾಗುತ್ತದೆ ಎನ್ನುವ ಸ್ತ್ರೀವಾದಿಗಳ ಆತಂಕ ಪೊಳ್ಳಲ್ಲ. ತಿರುನೆಲ್ಲಿಯ ಇತಿಹಾಸವೇ ಅದಕ್ಕೆ ಸಾಕ್ಷಿ. ಹದಿನಾರಕ್ಕೇ ಶಾಲೆ ಬಿಟ್ಟು ಹೆರುವುದು ಹುಡುಗಿಯ ಮೈಗೂ ಬಾಳಿಗೂ ಹಿತವಲ್ಲ, ಸಮುದಾಯದ ರೀತಿ ಎಂದ ಮಾತ್ರಕ್ಕೆ ಅದನ್ನು ಹೊಗಳಬೇಕಿಲ್ಲ. ಆದರೆ ಐವತ್ತರ ಗುತ್ತಿಗೆದಾರನನ್ನೂ ಹತ್ತೊಂಬತ್ತರ ಪಣಿಯ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕಾನೂನು ಹುಡುಗಿಯ ದನಿಯನ್ನು ಕೇಳಿಸಿಕೊಂಡಿಲ್ಲ ಎಂಬುದಂತೂ ನಿಜ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ ಪೋಕ್ಸೊ ತೀರ್ಪುಗಳನ್ನು ಪರಿಶೀಲಿಸಿದಾಗ ಸುಮಾರು ನಾಲ್ಕರಲ್ಲಿ ಒಂದು ಪ್ರೇಮ ಪ್ರಕರಣವಾಗಿತ್ತು. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ ಈ ವಯಸ್ಸಿನ ಬಗ್ಗೆ ಮರುಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ವರದಿಯಲ್ಲಿ ವಯಸ್ಸು ಇಳಿಸುವುದು ಬೇಡ, ಹದಿನಾರರಿಂದ ಹದಿನೆಂಟರವರ ಪ್ರಕರಣಗಳಲ್ಲಿ ಶಿಕ್ಷೆಯ ವಿಚಾರಕ್ಕೆ ನ್ಯಾಯಾಧೀಶರ ವಿವೇಚನೆ ಇರಲಿ ಎಂದಿತು. ವಿವೇಚನೆ ಬರುವುದು ವಿಚಾರಣೆ ಮುಗಿದ ಮೇಲೆ. ಜಾಮೀನಿಲ್ಲದವನ ಶಿಕ್ಷೆ ಅದಕ್ಕೂ ಮೊದಲೇ ನಡೆದಿರುತ್ತದೆ. ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಗರ್ಭಪಾತದ ತೀರ್ಪು ಕೊಡುವಾಗ, ಗರ್ಭಪಾತಕ್ಕೆಂದು ಬರುವ ಅಪ್ರಾಪ್ತ ಹುಡುಗಿಯ ಗುರುತನ್ನು ಅವಳ ಕೋರಿಕೆಯಂತೆ ವೈದ್ಯರು ಪೊಲೀಸರಿಗೆ ಬಿಟ್ಟುಕೊಡಬೇಕಿಲ್ಲ ಎಂದಿದೆ. ಮಗು ಬೇಕೆನ್ನುವ ಹುಡುಗಿಗೂ ಅಂಥದೇ ರಕ್ಷಣೆ ಕೇಳಿ ಸ್ತ್ರೀ ಸಂಘಟನೆಗಳು ಹೋರಾಡಬೇಕು.

ಕನ್ನಡದ ಸ್ತ್ರೀವಾದ ಈ ಮಾತಿನಿಂದ ಹೊರಗಿಲ್ಲ. ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ' ಬರೆದು ಕನ್ನಡದ ಹೆಂಗಸರಿಗೆ ಅವರದೇ ದೇಹದ ಪರಿಚಯ ಮಾಡಿಕೊಟ್ಟರು. ಕಾಸರಗೋಡಿನ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ, ಗಂಡನ ಬಳಿಗೆ ಮರಳಲು ಪರಪುರುಷನೊಬ್ಬನನ್ನು ಒಂದು ರಾತ್ರಿಗೆ ಮದುವೆಯಾಗಬೇಕಾದ ನಾದಿರಾಳ ಸಂಕಟವನ್ನು ಬರೆದರು. ಇಬ್ಬರಿಗೂ ನಾವು ಋಣಿಗಳು. ಆದರೆ ನಾನು ಓದಿದ ಮಟ್ಟಿಗೆ ನಮ್ಮ ಸ್ತ್ರೀವಾದಿ ಕಥನದ ಹೆಣ್ಣು ಒಂದು ಮನೆಯೊಳಗಿದ್ದು ಉಸಿರುಗಟ್ಟುವವಳು, ಹೊಸ್ತಿಲು ದಾಟಲು ಹೆಣಗುವವಳು. ಕೊಡಗಿನ ಕಾಫಿ ತೋಟದ ಲೈನ್ ಮನೆಯಲ್ಲಿರುವ ಎರವ ಹೆಣ್ಣಿಗೆ ಆ ಹೊಸ್ತಿಲು ತೋಟದ ಮಾಲೀಕನದು. ಕುಡಿದು ಹೊಡೆಯುವ ಗಂಡನನ್ನು ಬಿಟ್ಟರೆ ಅವಳ ಕೆಲಸವೂ ಸೂರೂ ಅಲುಗುತ್ತವೆ, ಮಾಲೀಕನ ಕಡೆಯವನನ್ನು ಎದುರಿಸಿದರೂ ಅಷ್ಟೆ.

2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಗುಡಿಸಲುಗಳನ್ನು ಅರಣ್ಯ ಇಲಾಖೆ ಕೆಡವಿದಾಗ ಬಯಲಲ್ಲೇ ಕೂತು ಹೋರಾಡಿದವರ ಮುಂದಾಳು ಜೆ.ಕೆ. ಮುತ್ತಮ್ಮ. ಅಲ್ಲಿದ್ದವರು ಬಹುಮಂದಿ ಇಂಥ ಲೈನ್ ಮನೆಗಳನ್ನು ಬಿಟ್ಟು ಬಂದವರು. ಮುಂದೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಮನೆಗಳಾದವು. ಇದನ್ನು ನಾವು ವಸತಿ ಹೋರಾಟ ಎಂದಷ್ಟೇ ವರದಿ ಮಾಡಿದೆವು. ನೆಲದಲ್ಲಿ ಹೆಣ್ಣಿನ ಪಾಲಿನ ಮಾತು ಕಾನೂನಿನಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯಿದೆಯ ನಾಲ್ಕನೆಯ ಸೆಕ್ಷನ್ನಿನಲ್ಲಿ ಒಂದು ಸಾಲಿದೆ: ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಜಂಟಿಯಾಗಿ ಇರಬೇಕು, ಒಬ್ಬರೇ ನಡೆಸುವ ಮನೆಯಾದರೆ ಆ ಒಬ್ಬರ ಹೆಸರಿನಲ್ಲಿ. ತಿರುನೆಲ್ಲಿಯ ತಾಳಿಯಿಲ್ಲದ ತಾಯಿಯ ಗಂಡ ಯಾರು, ಮಗುವಿನ ಅಪ್ಪ ಯಾರು ಎಂದು ಆ ಸಾಲು ಕೇಳುವುದಿಲ್ಲ. ಗ್ರಾಮಸಭೆಯಲ್ಲಿ ಅವಳ ಅರ್ಜಿಯನ್ನು ಓದಿಸಲು, ಅರಣ್ಯ ಇಲಾಖೆಯ ತಕರಾರಿಗೆ ಉತ್ತರ ಬರೆಯಲು, ಗಂಡಸಿನ ಹೆಸರೊಂದನ್ನೇ ಬರೆದು ತಂದ ಹಕ್ಕುಪತ್ರವನ್ನು ತಿದ್ದಿಸಲು ಜೊತೆಗೆ ಜನ ಬೇಕು. ಠಾಣೆಯ ಮೆಟ್ಟಿಲು ಹತ್ತಿ ದೂರು ಬರೆಸಿ ಅನುಭವವಿರುವ ಸ್ತ್ರೀ ಸಂಘಟನೆಗಳು ಮಾನಂದವಾಡಿಯಲ್ಲೂ ವಿರಾಜಪೇಟೆಯಲ್ಲೂ ಆ ಕೆಲಸಕ್ಕೆ ಕೂರಬಹುದು, ಈ ಮಳೆಗಾಲದಲ್ಲೇ.