‘ಸಂಸ್ಕಾರ’ದಲ್ಲಿ ಗುಂಪು, ಗಡಿ ಮತ್ತು ವ್ಯಕ್ತಿ

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟವಾದದ್ದು ೧೯೬೫ರಲ್ಲಿ. ಅಂದಿನಿಂದ ಇಂದಿನವರೆಗೆ ಆ ಕಾದಂಬರಿಯನ್ನು ಕುರಿತು ಬಂದಿರುವ ವಿಮರ್ಶೆ ವಿಪುಲವಾಗಿದೆ. ಅದನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಕೃತಿಯನ್ನು ಬ್ರಾಹ್ಮಣ ಸಮಾಜದ ಅವನತಿಯ ಚಿತ್ರವೆಂದು ಭಾವಿಸಿ ಮೆಚ್ಚುವ ಇಲ್ಲವೆ ಖಂಡಿಸುವ ವಿಮರ್ಶೆ ಒಂದು. ಪ್ರಾಣೇಶಾಚಾರ್ಯರ ಅಂತರಂಗದ ತುಮುಲವನ್ನೇ ಕೇಂದ್ರವಾಗಿರಿಸಿಕೊಂಡು ಉಳಿದುದೆಲ್ಲವನ್ನೂ ಹಿನ್ನೆಲೆಯೆಂದು ಬಗೆಯುವ ವಿಮರ್ಶೆ ಇನ್ನೊಂದು. ಮೊದಲನೆಯದಕ್ಕೆ ಗುಂಪು ಮಾತ್ರ ಕಾಣುತ್ತದೆ. ಎರಡನೆಯದಕ್ಕೆ ವ್ಯಕ್ತಿ ಮಾತ್ರ. ಗುಂಪಿನ ಸದಸ್ಯತ್ವವು ವ್ಯಕ್ತಿಯ ತನ್ನತನವನ್ನೂ ನಡತೆಯನ್ನೂ ಪರರ ಬಗೆಗಿನ ಪೂರ್ವಗ್ರಹವನ್ನೂ ಹೇಗೆ ರೂಪಿಸುತ್ತದೆ ಎಂಬ ಪ್ರಶ್ನೆ ಇವೆರಡರ ನಡುವೆ ಉಳಿದುಬಿಡುತ್ತದೆ. ಆ ಪ್ರಶ್ನೆಯನ್ನು ಮುಂದಿರಿಸಿಕೊಂಡು ಕೃತಿಯನ್ನು ಮತ್ತೊಮ್ಮೆ ಓದುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. ಈ ಕೃತಿಯನ್ನು ತರಗತಿಯಲ್ಲಿ ಪಾಠ ಹೇಳಿದವರಿಗೆಲ್ಲ ಒಂದು ಸಂಗತಿ ತಿಳಿದೇ ಇದೆ. ಒಂದೇ ಪುಟವನ್ನು ಓದುವಾಗ ಒಬ್ಬ ವಿದ್ಯಾರ್ಥಿಯ ಮುಖದಲ್ಲಿ ಸಂಕೋಚ ಮೂಡುತ್ತದೆ, ಇನ್ನೊಬ್ಬನ ಮುಖದಲ್ಲಿ ಸಂತೋಷ, ಮತ್ತೊಬ್ಬನ ಮುಖದಲ್ಲಿ ಇದು ತನಗೆ ಸಂಬಂಧಿಸಿದ್ದೇ ಅಲ್ಲವೆಂಬ ನಿರ್ಲಿಪ್ತತೆ. ಕೃತಿಯನ್ನಾಧರಿಸಿ ೧೯೭೦ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ತೆಗೆದ ಚಲನಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತು. ಬಿಡುಗಡೆಯಾದ ಮೇಲೆ ಅದೇ ಚಿತ್ರ ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂಬ ಪ್ರಶಸ್ತಿಗೆ ಪಾತ್ರವಾಯಿತು. ಗುಂಪನ್ನು ಕುರಿತ ಕೃತಿಯನ್ನು ನಾವು ಗುಂಪಿನಲ್ಲಿ ನಿಂತೇ ಓದುತ್ತೇವೆ ಎಂಬುದನ್ನು ಅಲ್ಲಗಳೆಯಲಾಗದು.

೧

ಕೃತಿಯನ್ನು ಪ್ರವೇಶಿಸುವ ಮುನ್ನ, ಸಮಾಜಮನಶ್ಶಾಸ್ತ್ರದ ಒಂದು ಪ್ರಯೋಗವನ್ನು ನೆನೆಯುವುದು ಉಚಿತ. ಅದನ್ನು ನಡೆಸಿದ ಹೆನ್ರಿ ತಾಜ್‌ಫೆಲ್ ೧೯೧೯ರಲ್ಲಿ ಪೋಲೆಂಡಿನ ಯೆಹೂದ್ಯ ಕುಟುಂಬದಲ್ಲಿ ಜನಿಸಿದವರು. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕರಾಗಿ ಜರ್ಮನರಿಗೆ ಸೆರೆಸಿಕ್ಕಿದ ಅವರು ತಾವು ಪೋಲೆಂಡಿನವರೆಂಬುದನ್ನು ಮುಚ್ಚಿಟ್ಟು ಬದುಕಿ ಉಳಿದರು; ಸೆರೆಯಿಂದ ಹೊರಬಂದಾಗ ಅವರ ಬಂಧುಗಳಲ್ಲಿ ಬಹುತೇಕ ಯಾರೂ ಉಳಿದಿರಲಿಲ್ಲ. ಯಾವ ಗುಂಪಿನ ಹೆಸರು ತನ್ನದೆಂಬುದೇ ಜೀವನ್ಮರಣದ ಪ್ರಶ್ನೆಯಾದ ಅನುಭವ ಅವರದು.

ಮುಂದೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಹದಿನಾಲ್ಕು ಹದಿನೈದು ವಯಸ್ಸಿನ ಶಾಲಾಬಾಲಕರನ್ನು ಅವರು ಎರಡು ಗುಂಪುಗಳಾಗಿ ವಿಂಗಡಿಸಿದರು. ಕ್ಲೀ ಎಂಬ ಚಿತ್ರಕಾರನನ್ನು ಮೆಚ್ಚಿದವರು ಒಂದು ಗುಂಪು, ಕ್ಯಾಂಡಿನ್‌ಸ್ಕಿಯನ್ನು ಮೆಚ್ಚಿದವರು ಇನ್ನೊಂದು ಗುಂಪು ಎಂದು ಬಾಲಕರಿಗೆ ಹೇಳಲಾಯಿತು. ವಾಸ್ತವವಾಗಿ ವಿಂಗಡಣೆ ಯಾದೃಚ್ಛಿಕವಾಗಿತ್ತು. ಬಳಿಕ ಪ್ರತಿಯೊಬ್ಬನೂ ತನಗಲ್ಲದೆ ಬೇರೆ ಇಬ್ಬರಿಗೆ ಅಲ್ಪ ಮೊತ್ತದ ಹಣವನ್ನು ಹಂಚಬೇಕಾಗಿತ್ತು. ಪಡೆಯುವವರ ಗುಂಪು ತಿಳಿದಿತ್ತು, ಹೆಸರು ತಿಳಿದಿರಲಿಲ್ಲ. ೧೯೭೦ ಮತ್ತು ೧೯೭೧ರಲ್ಲಿ ಪ್ರಕಟವಾದ ಫಲಿತಾಂಶ ವಿದ್ವಾಂಸರನ್ನು ಬೆರಗುಗೊಳಿಸಿತು. ಬಾಲಕರು ತಮ್ಮ ಗುಂಪಿನ ಪರವಾಗಿ ಹಂಚಿದರು. ಅಷ್ಟೇ ಅಲ್ಲ, ತಮ್ಮವರಿಗೆ ಹೆಚ್ಚು ದೊರೆಯುವುದಕ್ಕಿಂತಲೂ ತಮ್ಮವರಿಗೂ ಇತರರಿಗೂ ನಡುವೆ ಅಂತರ ಹೆಚ್ಚುವುದನ್ನೇ ಬಯಸುವ ಒಲವು ಅವರಲ್ಲಿ ಕಂಡಿತು. ವೈರದ ಇತಿಹಾಸ ಬೇಡ, ಹಿತಾಸಕ್ತಿಯ ಘರ್ಷಣೆಯೂ ಬೇಡ. ಗೆರೆಯೊಂದನ್ನು ಎಳೆದರೆ ಸಾಕು, ಪಕ್ಷಪಾತ ಮೊಳೆಯುತ್ತದೆ.

ಈ ತತ್ತ್ವವನ್ನು ‘ಸಂಸ್ಕಾರ’ಕ್ಕೆ ಹಾಗೆಯೇ ಅನ್ವಯಿಸುವುದು ಸುಲಭ. ಆದರೆ ಕೃತಿ ತೋರಿಸುವುದು ಅದಕ್ಕಿಂತ ಜಟಿಲವಾದ ಸತ್ಯವನ್ನು ಎಂಬುದು ನಮ್ಮ ಅಭಿಪ್ರಾಯ. ಪ್ರಯೋಗದ ಬಾಲಕರು ಗಡಿಯಾಚೆಗೆ ನೋಡುತ್ತಿದ್ದರು. ದೂರ್ವಾಸಪುರದ ಬ್ರಾಹ್ಮಣರ ಕಣ್ಣು ಗಡಿಯೊಳಕ್ಕೇ ನೆಟ್ಟಿದೆ.

೨

ಕಾದಂಬರಿಯ ಕಥೆ ಒಂದು ಶವದಿಂದ ಆರಂಭವಾಗುತ್ತದೆ. ನಾರಣಪ್ಪ ಸತ್ತಿದ್ದಾನೆ. ಅವನು ಮಾಂಸ ತಿಂದವನು, ಮದ್ಯ ಕುಡಿದವನು, ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ದೇವರ ಕೊಳದ ಮೀನು ಹಿಡಿದವನು, ಚಂದ್ರಿಯೊಡನೆ ಬಾಳಿದವನು. ಅವನ ಶವಸಂಸ್ಕಾರವನ್ನು ಯಾರು ಮಾಡಬೇಕು? ಸತ್ತವನು ಬ್ರಾಹ್ಮಣನಾದರೆ ಅನ್ಯರ ಕೈ ಸೋಕಬಾರದು. ಬ್ರಾಹ್ಮಣನಲ್ಲವಾದರೆ ಇವರ ಕೈ ಸೋಕಬಾರದು. ಶವ ತೆಗೆಯುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ.

ಇಷ್ಟಾದರೂ ನಾರಣಪ್ಪನಿಗೆ ಬಹಿಷ್ಕಾರ ಹಾಕಿರಲಿಲ್ಲವೇಕೆ? ಇದಕ್ಕೆ ಕೃತಿ ಕೊಡುವ ಉತ್ತರ ಮನನೀಯವಾಗಿದೆ. ಆಚಾರ್ಯರ ಕರುಣೆ ಒಂದು ಕಾರಣ ನಿಜ. ಆದರೆ ಬಹಿಷ್ಕರಿಸಿದರೆ ಮುಸಲ್ಮಾನನಾಗುವೆನೆಂದು ಅವನು ಬೆದರಿಸಿದ್ದ. ಹಾಗಾಗಿದ್ದರೆ ಅಗ್ರಹಾರದ ನಡುವೆಯೇ ಅನ್ಯಮತೀಯನ ಮನೆ ನಿಂತು ಎಲ್ಲರೂ ಮೈಲಿಗೆಗೊಳಗಾಗುತ್ತಿದ್ದರು. ಅಂದರೆ, ಗಡಿಯನ್ನು ಮೀರಿದವನನ್ನು ಗಡಿಯ ರಕ್ಷಣೆಗಾಗಿಯೇ ಒಳಗಿಟ್ಟುಕೊಳ್ಳಬೇಕಾಯಿತು. ಅವನ ಪಾಪಕ್ಕಿಂತ ಅವನ ನಿರ್ಗಮನ ಹೆಚ್ಚು ಭಯಂಕರವಾಗಿತ್ತು. ಲೋಭ, ಅಸೂಯೆ, ಪರರ ಆಸ್ತಿಯ ಮೇಲಿನ ಕಣ್ಣು ಇವು ಅಗ್ರಹಾರದಲ್ಲಿ ಧಾರಾಳವಾಗಿವೆ. ಅವು ಯಾವುವೂ ಯಾರ ಬ್ರಾಹ್ಮಣ್ಯವನ್ನೂ ಪ್ರಶ್ನೆಗೆ ಗುರಿಮಾಡುವುದಿಲ್ಲ. ಗುಂಪು ಅಳೆಯುವುದು ಸದ್ಗುಣವನ್ನಲ್ಲ, ಗುರುತನ್ನು.

ಸಮೀಪದ ಪಾರಿಜಾತಪುರದವರೊಡನೆ ಇವರ ವ್ಯವಹಾರವೂ ಇದನ್ನೇ ಸೂಚಿಸುತ್ತದೆ. ಅವರೂ ಬ್ರಾಹ್ಮಣರೇ; ಆದರೆ ಸ್ಮಾರ್ತರು. ದೂರ್ವಾಸಪುರದ ಮಾಧ್ವರಿಗೆ ದೂರದವರಿಗಿಂತ ಈ ನೆರೆಯವರಿಂದ ತಾವು ಬೇರೆಯೆಂದು ತೋರಿಸಿಕೊಳ್ಳುವ ತವಕ ಹೆಚ್ಚು. ತಮ್ಮನ್ನು ಹೋಲುವ ಗುಂಪಿನಿಂದಲೇ ತಮ್ಮ ವೈಶಿಷ್ಟ್ಯಕ್ಕೆ ಧಕ್ಕೆ ಒದಗೀತೆಂಬ ಅಂಜಿಕೆಯನ್ನು ತಾಜ್‌ಫೆಲ್ ಮತ್ತು ಟರ್ನರ್ ೧೯೭೯ರಲ್ಲಿ ಸಿದ್ಧಾಂತವಾಗಿ ವಿವರಿಸಿದರು. ಮಲೆನಾಡಿನ ಎರಡು ಅಗ್ರಹಾರಗಳ ನಡುವಣ ಅಂತರದಲ್ಲಿ ನಮ್ಮ ಕಾದಂಬರಿಕಾರರು ಅದನ್ನು ಮೊದಲೇ ಕಂಡಿದ್ದರು.

ಆದರೂ ಗುಂಪಿನ ಹಿಡಿತ ಸಂಪೂರ್ಣವೆಂದು ಕೃತಿ ಹೇಳುವುದಿಲ್ಲ. ಶವಸಂಸ್ಕಾರದ ಖರ್ಚಿಗೆಂದು ಚಂದ್ರಿ ತನ್ನ ಬಂಗಾರದ ಒಡವೆಗಳನ್ನು ಬಿಚ್ಚಿಟ್ಟ ಕ್ಷಣದಲ್ಲಿ ಎಲ್ಲವೂ ತಲೆಕೆಳಗಾಗುತ್ತದೆ. ಆವರೆಗೆ ಒಲ್ಲೆನೆಂದಿದ್ದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರಿಗೆ ಈಗ ಆ ಕರ್ಮವನ್ನು ತಾವೇ ಮಾಡುವ ಹಂಬಲ. ಹಸಿವು ತಾಳಲಾರದ ದಾಸಾಚಾರ್ಯ ಗುಟ್ಟಾಗಿ ಪಾರಿಜಾತಪುರಕ್ಕೆ ಹೋಗಿ ಮಂಜಯ್ಯನ ಮನೆಯಲ್ಲಿ ತಿಂದು ಬರುತ್ತಾನೆ. ಇದನ್ನು ಬರಿಯ ವಿಡಂಬನೆಯೆಂದು ಓದುವವರು ಮುಖ್ಯಾಂಶವನ್ನು ಬಿಡುತ್ತಾರೆ. ದಾಸಾಚಾರ್ಯ ನಿಯಮವನ್ನು ಮುರಿಯುತ್ತಾನೆ. ಆದರೆ ನಿಯಮ ತಪ್ಪೆಂದು ಹೇಳುವುದಿಲ್ಲ. ಗುಟ್ಟಾಗಿ ಮುರಿದವರೆಲ್ಲರೂ ಬಹಿರಂಗದಲ್ಲಿ ಅದನ್ನು ಎತ್ತಿಹಿಡಿಯುವುದರಿಂದಲೇ ಅದು ನಿಂತಿದೆ. ನಾರಣಪ್ಪನ ಅಪರಾಧ ಮುರಿದದ್ದಲ್ಲ, ಎಲ್ಲರಿಗೂ ಕಾಣುವಂತೆ ಮುರಿದದ್ದು.

೩

ಪ್ರಾಣೇಶಾಚಾರ್ಯರಿಗೆ ಗುಂಪು ಹೊರಗಿನ ಒತ್ತಾಯವಲ್ಲ. ಅದು ಅವರ ಒಳಗಿನ ಆಕಾರ. ಚಂದ್ರಿಯ ಸಂಗವಾದ ಮೇಲೆ, ಹೆಂಡತಿ ಭಾಗೀರಥಿ ತೀರಿಕೊಂಡ ಮೇಲೆ, ಅವರು ಅಗ್ರಹಾರವನ್ನು ಬಿಟ್ಟು ನಡೆಯುತ್ತಾರೆ. ಗುಂಪಿನಿಂದ ಹೊರಬಂದವನಿಗೆ ತನ್ನ ನಿಜವಾದ ವ್ಯಕ್ತಿತ್ವ ದೊರೆಯುತ್ತದೆಯೆಂಬ ನಿರೀಕ್ಷೆ ಓದುಗನದು. ಕೃತಿ ಆ ಸಮಾಧಾನವನ್ನು ಕೊಡುವುದಿಲ್ಲ. ಮೇಳಿಗೆಯ ಜಾತ್ರೆಯಲ್ಲಿ, ಸೂತಕದಲ್ಲಿದ್ದೂ ದೇವಸ್ಥಾನದ ಪಂಕ್ತಿಯಲ್ಲಿ ಕುಳಿತ ಆಚಾರ್ಯರನ್ನು ಗುರುತು ಹಿಡಿಯಲ್ಪಡುವ ಭಯ ಕಾಡುತ್ತದೆ; ಗುರುತಿಸಿದವನೊಬ್ಬ ಎದುರಾದಾಗ ಊಟದ ನಡುವೆ ಎದ್ದು ಓಡುತ್ತಾರೆ. ಗುರುತು ಕಳೆದುಕೊಳ್ಳಬೇಕೆಂದು ಹೊರಟವರಿಗೆ ಗುರುತೇ ಬೆನ್ನಟ್ಟುವ ಭೂತವಾಗುತ್ತದೆ. ಇವರ ಜೊತೆಗೂಡಿದ ಮಾಲೇರ ಪುಟ್ಟನಾದರೋ ಎರಡು ಜಾತಿಗಳ ಬೆರಕೆಯಲ್ಲಿ ಹುಟ್ಟಿದವನು. ಗಡಿಯ ಮೇಲೆಯೇ ಮನೆ ಕಟ್ಟಿದವನಂತೆ ಎಲ್ಲರೊಡನೆ ನಿರಾತಂಕವಾಗಿ ಬೆರೆಯುತ್ತಾನೆ.

೧೯೭೭ರಲ್ಲಿ ವಿ. ಎಸ್. ನೈಪಾಲರು ಭಾರತವನ್ನು ಕುರಿತ ತಮ್ಮ ಗ್ರಂಥದಲ್ಲಿ, ಎ. ಕೆ. ರಾಮಾನುಜನ್ನರ ಅನುವಾದದ ಮೂಲಕ ಈ ಕೃತಿಯನ್ನು ಚರ್ಚಿಸಿ, ಜಾತಿಯ ನಿಯಮಗಳಾಚೆ ತನ್ನತನವೇ ಬೆಳೆಯದ ಒಂದು ಮನಸ್ಸಿಗೆ ಇದನ್ನು ಸಾಕ್ಷ್ಯವಾಗಿ ಬಳಸಿಕೊಂಡರು. ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು. ಆದರೆ ಇದನ್ನು ಒಂದು ದೇಶದ ಮನಸ್ಸಿನ ಕೊರತೆಯೆಂದು ತಿಳಿಯುವುದು ಸರಿಯಲ್ಲ. ಹೆಸರೇ ಇಲ್ಲದ ಗುಂಪಿಗೆ ಕ್ಷಣಮಾತ್ರದಲ್ಲಿ ನಿಷ್ಠರಾದ ಬ್ರಿಸ್ಟಲ್‌ನ ಬಾಲಕರಿಗೆ ಜಾತಿಯ ಗಂಧವೇ ಇರಲಿಲ್ಲ. ಒಲವು ಸಾರ್ವತ್ರಿಕವಾದದ್ದು. ಆ ಒಲವಿಗೆ ಅನ್ನವನ್ನೂ ಹೆಣ್ಣನ್ನೂ ಸಾವನ್ನೂ ಒಪ್ಪಿಸಿ ಶತಮಾನಗಳ ಕಾಲ ಕಾಪಾಡಿದ ವ್ಯವಸ್ಥೆ ಮಾತ್ರ ನಮ್ಮದು. ತಪ್ಪು ಮನಸ್ಸಿನದೆಂದರೆ ವ್ಯವಸ್ಥೆ ಪಾರಾಗುತ್ತದೆ.

೪

ಕೃತಿಯ ಮಿತಿಯನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣವಾದೀತು. ಅಗ್ರಹಾರದವರು ಒಂದು ಶವದ ಕುಲವನ್ನು ಚರ್ಚಿಸುತ್ತಿರುವಾಗ ಹೊಲೆಗೇರಿಯಲ್ಲಿ ಪ್ಲೇಗಿಗೆ ತುತ್ತಾದವರನ್ನು ಗುಡಿಸಲುಗಳ ಸಮೇತ ಸುಡಲಾಗುತ್ತದೆ. ಆ ಬೆಂಕಿ ಅಗ್ರಹಾರದ ಗಮನಕ್ಕೇ ಬರುವುದಿಲ್ಲ. ಇದು ಕಾದಂಬರಿಯ ಅತ್ಯಂತ ಕಠೋರವಾದ ವ್ಯಂಗ್ಯ. ಪೂರ್ವಗ್ರಹಕ್ಕೆ ಪಾತ್ರನಾಗುವುದಕ್ಕೂ ಎದುರಿನವನ ಲೆಕ್ಕದಲ್ಲಿ ಇರಬೇಕಾಗುತ್ತದೆ. ಕೇರಿಯವರಿಗೆ ಅಷ್ಟೂ ಇಲ್ಲ. ಆದರೆ ಕೃತಿಯ ದೃಷ್ಟಿಯೂ ಆ ಗುಡಿಸಲುಗಳೊಳಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೆಳ್ಳಿ ನಮಗೆ ಮುಖ್ಯವಾಗಿ ಶ್ರೀಪತಿಯ ಬಯಕೆಯ ಮೂಲಕವೇ ಕಾಣುತ್ತಾಳೆ. ಅಗ್ರಹಾರವನ್ನು ಇಷ್ಟು ನಿಷ್ಠುರವಾಗಿ ನೋಡಿದ ಕಣ್ಣೂ ಅಗ್ರಹಾರದ ಕಡೆಯಿಂದಲೇ ನೋಡಿದೆ.

ಚಂದ್ರಿಯ ವಿಷಯದಲ್ಲಿ ಮಾತ್ರ ಕೃತಿ ಈ ಮಿತಿಯನ್ನು ದಾಟುತ್ತದೆ. ಬ್ರಾಹ್ಮಣರು ಧರ್ಮಶಾಸ್ತ್ರದ ತೀರ್ಪಿಗಾಗಿ ಊರೂರು ಅಲೆಯುತ್ತಿರುವಾಗ, ಅವಳು ಅಹಮದ್ ಬ್ಯಾರಿಯ ನೆರವು ಪಡೆದು, ಇರುಳಿನಲ್ಲಿ ಶವವನ್ನು ಗಾಡಿಯಲ್ಲಿ ಸಾಗಿಸಿ ಸುಟ್ಟು, ಕುಂದಾಪುರದ ದಾರಿ ಹಿಡಿಯುತ್ತಾಳೆ. ಅಗ್ರಹಾರಕ್ಕೆ ಇದು ತಿಳಿಯದು. ಯಾವ ಶವ ಯಾರಿಗೆ ಸೇರಿದ್ದೆಂಬ ಜಿಜ್ಞಾಸೆ ಶವ ಬೂದಿಯಾದ ಮೇಲೂ ಮುಂದುವರಿಯುತ್ತದೆ. ಬ್ಯಾರಿಯೂ ಚಂದ್ರಿಯೂ ಗುಂಪುಗಳನ್ನು ಅಳಿಸಿದವರಲ್ಲ. ಸತ್ತವನು ಯಾರೆಂಬ ಪ್ರಶ್ನೆಯ ಮುಂದೆ ಅವನು ಯಾವ ಗುಂಪಿನವನೆಂಬ ಪ್ರಶ್ನೆಯನ್ನು ಒಂದು ರಾತ್ರಿಯ ಮಟ್ಟಿಗೆ ಬದಿಗಿಟ್ಟವರು.

‘ಸಂಸ್ಕಾರ’ ಪರಿಹಾರವನ್ನು ಸೂಚಿಸುವುದಿಲ್ಲ. ಆಚಾರ್ಯರು ಊರಿಗೆ ಮರಳುವ ಗಾಡಿಯಲ್ಲಿ ಕುಳಿತಿರುವಾಗಲೇ ಮುಗಿಯುತ್ತದೆ. ಪರಿಹಾರವನ್ನು ಕೃತಿಯಿಂದ ಕೇಳುವುದು ಉಚಿತವೂ ಅಲ್ಲ. ಆದರೆ ತರಗತಿಯಲ್ಲಿ ಇದನ್ನು ಬೋಧಿಸುವ ನಾವು ಒಂದು ಹೊಣೆಯನ್ನು ಹೊರಬೇಕಾಗಿದೆ. ಇದು ಅವರ ಕಥೆಯೆಂದು ನಗುವ ವಿದ್ಯಾರ್ಥಿಗೂ ಇದು ತಮ್ಮವರ ನಿಂದೆಯೆಂದು ಕುಗ್ಗುವ ವಿದ್ಯಾರ್ಥಿಗೂ ಕೇಳಬೇಕಾದ ಪ್ರಶ್ನೆ ಒಂದೇ: ನಾವು ಯಾವ ಗಡಿಯನ್ನು ಕಾಯುತ್ತಿದ್ದೇವೆ, ನಾವು ಗಮನಿಸದೆ ಉರಿಯುತ್ತಿರುವ ಗುಡಿಸಲು ಯಾವುದು? ಈ ಪ್ರಶ್ನೆ ಕೇಳುವವರೆಗೆ ನಮ್ಮ ಓದು ಅಗ್ರಹಾರದ ಜಿಜ್ಞಾಸೆಗಿಂತ ಬಹಳ ಭಿನ್ನವಾಗಲಾರದು.