ಗೆರೆ ಲಿಯರ್‌ನದು, ಬಣ್ಣ ಯಾರದು?

ಎಡ್ವರ್ಡ್ ಲಿಯರ್‌ನ ಗಿಳಿಗಳ ಬಗ್ಗೆ ಒಂದು ಒಡಕು ಮಾತು ಕೇಳಿದ ನೆನಪು ನನಗಿಲ್ಲ. ಹದಿನೆಂಟರ ಹುಡುಗ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಜೀವಂತ ಹಕ್ಕಿಗಳ ಮುಂದೆ ಕೂತು ಬರೆದದ್ದು, 1830ರಿಂದ 1832ರೊಳಗೆ 42 ಕಲ್ಲಚ್ಚುಗಳನ್ನು ಹೊರತಂದದ್ದು, 175 ಪ್ರತಿ ತೆಗೆದು ಕಲ್ಲನ್ನು ಅಳಿಸಿಹಾಕಿದ್ದು ಕಲಾಸಕ್ತರಿಗೆಲ್ಲ ಬಾಯಿಪಾಠ. ಆ ಕಥೆಯ ಹೊಳಪು ಚಿತ್ರಗಳಿಗೂ ಹತ್ತಿಕೊಂಡಿದೆ. ಮರುಮುದ್ರಣಗಳು ಚೌಕಟ್ಟು ಹಾಕಿಸಿಕೊಂಡು ಹೋಟೆಲುಗಳ ಗೋಡೆ ಏರುತ್ತವೆ. ಕೆಳಗೆ ನಿಂತವರು 'ಗರಿ ಗರಿಯೂ ಎಷ್ಟು ನಿಜ' ಎನ್ನುತ್ತಾರೆ.

ಆ ಕಲ್ಲಚ್ಚುಗಳ ಸಂಪುಟದಲ್ಲಿ ನಮ್ಮದೇ ಒಂದು ಹಕ್ಕಿಯಿದೆ. ಮಲಬಾರಿನ ಹೆಸರು ಹೊತ್ತಿದ್ದರೂ ಪಶ್ಚಿಮಘಟ್ಟದ ಕಾಡುಗಳನ್ನು ಬಿಟ್ಟು ಬೇರೆಲ್ಲೂ ಇರದ ನೀಲಿರೆಕ್ಕೆಯ ಗಿಳಿ. ತಲೆ, ಎದೆ, ಬೆನ್ನು ಪಾರಿವಾಳದ ಬೂದು. ಕೊರಳಲ್ಲಿ ಕಪ್ಪು ಪಟ್ಟಿ, ಅದರಂಚಿಗೆ ನೀಲಿ ಬೆರೆತ ಹಸಿರು. ಉದ್ದ ಬಾಲದ ತುದಿ ಹಳದಿ. ಕರಾವಳಿಯ ಗಿಳಿಯೆಂದು ಚಿತ್ರದಂಗಡಿಯವರು ಮಾರುವುದು ಇದನ್ನೇ.

ಈ ಹಾಳೆಯ ಬೂದುಬಣ್ಣವನ್ನು ಸ್ವಲ್ಪ ಹೊತ್ತು ನೋಡಬೇಕು. ಕಲ್ಲಚ್ಚಿನಲ್ಲಿ ಚಿತ್ರಕಾರ ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ಬರೆಯುತ್ತಾನೆ. ಕಲ್ಲಿನ ಸಣ್ಣ ತರಿಗಳ ಮೇಲೆ ಕಡ್ಡಿ ಹಾಯ್ದಾಗ ಕಪ್ಪು ಚುಕ್ಕಿಚುಕ್ಕಿಯಾಗಿ ಕೂರುತ್ತದೆ. ನಡುವೆ ಕಾಗದದ ಬಿಳಿ ಉಳಿಯುತ್ತದೆ. ಬೂದು ಅಲ್ಲಿಯೇ ಹುಟ್ಟಿಬಿಟ್ಟಿತು. ಅದಕ್ಕೆ ಮೇಲಿಂದ ಬೇಕಾದದ್ದು ತೆಳು ನೀರುಬಣ್ಣದ ಒಂದು ಪೊರೆ ಮಾತ್ರ. ಈ ಗಿಳಿಯ ಎದೆ ಅಷ್ಟು ಮೆತ್ತಗೆ ಕಾಣುವುದು ಇದರಿಂದ. ಅದು ಲಿಯರ್‌ನ ಕೈ, ಸಂದೇಹವಿಲ್ಲ. ಈಗ ಕಣ್ಣನ್ನು ಕೊರಳಿನ ಹಸಿರಿಗೆ, ರೆಕ್ಕೆಯ ನೀಲಿಗೆ ಸರಿಸಿ. ಇವು ಕಲ್ಲಿನಿಂದ ಬಂದವಲ್ಲ. 42 ಚಿತ್ರಕ್ಕೆ 175ರಂತೆ ಏಳು ಸಾವಿರ ದಾಟಿದ ಹಾಳೆಗಳಿಗೆ ಕೂಲಿ ಬಣ್ಣಗಾರರು ಮಾದರಿ ನೋಡಿ ಬಣ್ಣ ತುಂಬಿದರು. ಅವರ ಕೆಲಸ ಗೆರೆ ದಾಟದಿರುವುದು. ಗೆರೆ ಎಲ್ಲವನ್ನೂ ಮೊದಲೇ ತೀರ್ಮಾನಿಸಿಬಿಟ್ಟಿರುವಾಗ ಬಣ್ಣಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ. ಗೋಂದಿನ ಹೊಳಪು ಕೊಟ್ಟರೂ ಹಸಿರು ಗರಿಯ ಮೇಲೆ ಕೂತಂತೆ ಕಾಣುತ್ತದೆಯೇ ಹೊರತು ಗರಿಯೊಳಗಿಂದ ಬಂದಂತೆ ಕಾಣುವುದಿಲ್ಲ. ಬಣ್ಣ ಎಲ್ಲಿ ಕಡಿಮೆಯೋ ಅಲ್ಲಿ ಈ ಚಿತ್ರ ಗೆಲ್ಲುತ್ತದೆ. ಬಣ್ಣದ ಹಕ್ಕಿಯೆಂದು ಹೆಸರಾದ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಕೊರತೆ ಯಾವುದು?

ಲಿಯರ್ ದೊಡ್ಡ ಗೆರೆಗಾರ. ಅಷ್ಟು ಒಪ್ಪಿ ಮುಂದೆ ಹೋಗುತ್ತೇನೆ.

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರ ಮನೆತನಗಳು ಮಾಡುವ ಮರದ ಗಿಣಿಯಲ್ಲಿ ಕೆಲಸದ ಕ್ರಮವೇ ತಿರುಗುಮುರುಗು. ಹಗುರ ಮರವನ್ನು ಕೆತ್ತಿ, ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿ ಚಿಂದಿಯ ಪುಡಿ, ಗರಗಸದ ಹೊಟ್ಟು, ಅದೇ ಅಂಟು ಸೇರಿದ 'ಕಿಟ್ಟ'ವನ್ನು ಮೈತುಂಬ ಮೆತ್ತುತ್ತಾರೆ. ಅದರ ಮೇಲೆ ಹತ್ತಿಯ ಚೂರು, ಅದರ ಮೇಲೆ ಕಲ್ಲುಪುಡಿಯ ಲೇಪ. ಉಳಿಯ ಗುರುತುಗಳೆಲ್ಲ ಅಲ್ಲಿಗೆ ಮುಚ್ಚಿಹೋಗುತ್ತವೆ. ಆ ನುಣುಪಿನ ಮೇಲೆ ಹಸಿರು ಒಂದೇ ಹರವಾಗಿ ಬೀಳುತ್ತದೆ, ನೆರಳಿಲ್ಲ, ಮಬ್ಬಿಲ್ಲ. ಆಮೇಲೆ, ಎಲ್ಲ ಮುಗಿದ ಮೇಲೆ, ಗೆರೆ: ಕೊರಳಪಟ್ಟಿ, ರೆಕ್ಕೆಯಂಚು, ಕಣ್ಣು. ಇಲ್ಲಿ ಗೆರೆ ಬಣ್ಣಕ್ಕೆ ಬೇಲಿ ಹಾಕಲು ಬಂದದ್ದಲ್ಲ. ಬಣ್ಣ ಆಗಲೇ ಗಿಣಿಯಾಗಿ ಕೂತಿದೆ, ಗೆರೆ ಅದಕ್ಕೆ ಮಾತು ಕೊಡುತ್ತದೆ. ಲಂಡನ್ನಿನಲ್ಲಿ ಎರಡು ಕೈಗಳಿಗೆ ಹಂಚಿಹೋದ ಕೆಲಸ ಇಲ್ಲಿ ಒಂದೇ ಮನೆಯೊಳಗಿದೆ. ಈ ಕಾರಣಕ್ಕೇ ನಾನು ಕಿನ್ನಾಳದ ಒಳ್ಳೆಯ ಗಿಣಿಯನ್ನು ಲಿಯರ್‌ನ ಹಾಳೆಗಿಂತ ಮೇಲಿಡುತ್ತೇನೆ.

ಇಲ್ಲಿ ನಮ್ಮ ಕಲಾಬರಹಗಾರರೊಡನೆ ಜಗಳ ಅನಿವಾರ್ಯ. ಕಿನ್ನಾಳದ ಬಗ್ಗೆ ಬರೆಯುವವರಲ್ಲಿ ಒಂದು ಗುಂಪು 'ಥೇಟ್ ನಿಜವಾದ ಹಕ್ಕಿಯಂತೆ' ಎಂದು ಬೆನ್ನು ತಟ್ಟುತ್ತದೆ. ಅದು ಲಿಯರ್‌ನ ಅಳತೆಗೋಲು, ಮತ್ತು ಸುಳ್ಳು. ಯಲಬುರ್ಗಾ, ಕುಷ್ಟಗಿಯ ಹೊಲಗಳಲ್ಲಿ ಜೋಳದ ತೆನೆಗೆ ಎರಗುವ ಗಿಣಿಯನ್ನು ಕವಣೆ ಹಿಡಿದು ಓಡಿಸಿದವರನ್ನು ಕೇಳಿ: ಕಿನ್ನಾಳದ ಗಿಣಿಗೆ ಅಂಥ ಸಪೂರ ಮೈಯಿಲ್ಲ, ಕಳ್ಳನೋಟವಿಲ್ಲ. ಅದು ತುಂಬಿದ ಎದೆಯ, ಮದುವೆಮನೆಗೆ ಹೊರಟಂಥ ಗಿಣಿ. ಇನ್ನೊಂದು ಗುಂಪಿನವರು ಹಂಪಿಯ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ. ವಿರೂಪಾಕ್ಷ ಗುಡಿಯ ಮಾಡಿನ ಚಿತ್ರಗಳು ಕಿನ್ನಾಳದ ಚಿತ್ರಗಾರರ ಹಿರಿಯರ ಕೈಕೆಲಸವೆಂಬ ಪ್ರತೀತಿ ಇದೆ, ಇರಲಿ. ಮುತ್ತಜ್ಜನ ಹೆಸರಿನಿಂದ ಮೊಮ್ಮಗನ ಗಿಣಿಗೆ ಅಂಕ ಕೊಡುವುದು ವಿಮರ್ಶೆಯಾಗುತ್ತದೆಯೇ? ಮೂರನೆಯವರದು ಬರೀ ಗೋಳು: ಅಳಿಯುತ್ತಿರುವ ಕಲೆ, ಉಳಿಸಬೇಕಾದ ಕಲೆ, ಜಿಐ ಮಾನ್ಯತೆ ಬಂದರೂ ಬಾಳದ ಕಲೆ. ಮೂರೂ ಗುಂಪಿನವರು ಒಂದು ಗಿಣಿಯನ್ನು ಕೈಯಲ್ಲಿ ಹಿಡಿದು ಇದು ಚೆನ್ನಾಗಿದೆ, ಇದು ಕೆಟ್ಟಿದೆ ಎಂದು ಹೇಳಿದ್ದನ್ನು ನಾನು ಕಾಣೆ. ಕನಿಕರಕ್ಕೆ ಪಾತ್ರವಾದ ವಸ್ತುವನ್ನು ಯಾರೂ ಬೈಯುವುದಿಲ್ಲ. ಹಾಗಾಗಿ ಹೊಗಳಿಕೆಗೂ ಬೆಲೆಯಿಲ್ಲ.

ನಾನು ಬೈಯುತ್ತೇನೆ. ಈಚಿನ ಎಷ್ಟೋ ಗಿಣಿಗಳ ಮೈಮೇಲಿರುವುದು ಅಂಗಡಿಯ ಡಬ್ಬಿ ಬಣ್ಣ. ಅದರ ದಪ್ಪ ಪೊರೆಯಡಿ ಕಲ್ಲುಲೇಪದ ಬಿಳಿ ಉಸಿರಾಡುವುದಿಲ್ಲ, ಬೆಳಕು ಮೇಲಿಂದಲೇ ಜಾರಿಹೋಗುತ್ತದೆ. ಕಣ್ಣಿನ ಗೆರೆ ಅವಸರದ್ದು. ಇನ್ನು ಬೆನ್ನು: ಕಪಾಟಿನಲ್ಲಿ ಮುಂಭಾಗವಷ್ಟೇ ಕಾಣುತ್ತದೆಂದು ಹಿಂದಿನ ರೆಕ್ಕೆಗಳು ಎರಡು ಗೀಟಿನಲ್ಲಿ ಮುಗಿದಿರುತ್ತವೆ. ಕಾಗದದ ಗಿಳಿಗೆ ಒಂದೇ ಮಗ್ಗುಲು. ಮರದ ಗಿಣಿಗೆ ಸುತ್ತಲೂ ಮೈಯಿದೆ. ಅದೇ ಅದರ ಹೆಚ್ಚುಗಾರಿಕೆ. ಅದನ್ನೂ ಬಿಟ್ಟುಕೊಟ್ಟ ಗಿಣಿಯನ್ನು ಲಿಯರ್‌ನ ಎದುರು ನಿಲ್ಲಿಸಲು ನಾನೂ ತಯಾರಿಲ್ಲ.